ಕೌಜುಗದ ಬಣ್ಣ

ಯಾವ ದೇಶದಲ್ಲಿ ಯಾವ ಜಾಲತಾಣಕ್ಕೆ ಹೆಚ್ಚು ಜನವೋ, ಅಲ್ಲಿ ಅದಕ್ಕೇ ಹೆಚ್ಚು ಕರೆಂಟು. ಇಷ್ಟೇ ಕಾನೂನು. ಒಂದು ಕಾಲಕ್ಕೆ ಇದು ಹುಚ್ಚರ ಮಾತಿನಂತೆ ಕೇಳಿಸುತ್ತಿತ್ತು. ಆಮೇಲೆ ಸರ್ವರು ಎಂಬ ಪೆಟ್ಟಿಗೆಗಳು ಬೀದಿದೀಪದ ಕರೆಂಟನ್ನೂ ಆಸ್ಪತ್ರೆಯ ಕರೆಂಟನ್ನೂ ಕುಡಿಯತೊಡಗಿದಾಗ ಎಲ್ಲ ದೇಶಗಳೂ ಕೂತು ವಿದ್ಯುತ್ ಒಡಂಬಡಿಕೆ ಮಾಡಿಕೊಂಡವು. ಹರಟೆಗೆ ಇಂತಿಷ್ಟೇ ಕರೆಂಟು. ಅದನ್ನು ಜನಪ್ರಿಯತೆ ನೋಡಿ ಹಂಚಬೇಕು. ನೂರಕ್ಕೆ ಒಬ್ಬರೂ ಬಳಸದ ತಾಣಕ್ಕೆ ಏನೂ ಇಲ್ಲ. ಹಂಚಬೇಕಾದರೆ ಎಣಿಸಬೇಕು, ಎಣಿಸಿದ್ದು ಎಲ್ಲರ ಕಣ್ಣಿಗೂ ಕಾಣಬೇಕಾದರೆ ನಕ್ಷೆ ಬರೆಯಬೇಕು.

ಏಷ್ಯಾ ಮತ್ತು ಆಫ್ರಿಕಾದ ನಕ್ಷೆ ತಯಾರಾಗುತ್ತಿದ್ದುದು ಮೈಸೂರಿನ ಹೊರಗೆ, ಇಲವಾಲದ ನಕ್ಷಾ ಕೇಂದ್ರದಲ್ಲಿ. ಒಂದು ಗೋಡೆಯ ತುಂಬ ಬೆಳಕಿನ ಭೂಪಟ. ಚಾವಡಿ ಎಂಬ ತಾಣಕ್ಕೆ ನೀಲಿ, ಝರಿಗೆ ಕೆಂಪು, ಮಿಣುಕಿಗೆ ಹಳದಿ. ಹಗಲೆಲ್ಲ ನೀಲಿಯಾಗಿದ್ದ ದೇಶ ಮಕ್ಕಳು ಶಾಲೆಯಿಂದ ಬಂದ ಕೂಡಲೇ ಹಳದಿಗೆ ತಿರುಗುವುದಿತ್ತು. ಒಂದು ದ್ವೀಪದಲ್ಲಿ ಗಂಡಸರೆಲ್ಲ ನೀಲಿ, ಹೆಂಗಸರೆಲ್ಲ ಕೆಂಪು. ಅಲ್ಲಿ ಗಂಡ ಹೆಂಡಿರು ಜಗಳವಾಡುವುದು ಯಾವುದರಲ್ಲಿ ಎಂದು ಕೇಂದ್ರದವರು ಊಟದ ಹೊತ್ತಿಗೆ ತಲೆ ಕೆಡಿಸಿಕೊಳ್ಳುತ್ತಿದ್ದರು. ದನಿಯೇ ಇಲ್ಲದ ಜಾಗ ಬಿಳಿ. ಬಿಳಿ ಎಂದರೆ ಮರಳುಗಾಡು, ಹಿಮ, ಇಲ್ಲವೇ ಜನ ಬಿಟ್ಟುಹೋದ ನೆಲ.

ಗೋಡೆಯ ಉಸ್ತುವಾರಿ ಸಿದ್ದಪ್ಪಾಜಿಯದು. ಕಟ್ಟೆಮಳಲವಾಡಿಯ ಸರ್ಕಾರಿ ಶಾಲೆಯಲ್ಲಿ ಓದಿದವನು. ಅಲ್ಲಿ ಭೂಪಟಕ್ಕೆ ಬಣ್ಣ ಹಚ್ಚುವಾಗ ಒಂದು ಕೂದಲೆಳೆ ಗಡಿ ದಾಟಿದರೂ ಮೇಷ್ಟರು ಬೆರಳ ಗಂಟಿನ ಮೇಲೆ ಬಾರಿಸುತ್ತಿದ್ದರು. ಆ ಏಟಿನಿಂದ ಅವನಿಗೆ ಎರಡು ಬಂದಿದ್ದವು, ಗಡಿಯ ಮೇಲೆ ಭಕ್ತಿ ಮತ್ತು ಮೂಗಿನ ತುದಿಯಲ್ಲಿ ಸಿಟ್ಟು. ಅವನ ಜೊತೆ ಕೆಲಸ ಮಾಡಿದವರು ಯಾರೂ ಒಂದು ವರ್ಷಕ್ಕಿಂತ ಹೆಚ್ಚು ನಿಂತದ್ದಿಲ್ಲ. ಕೇಂದ್ರದ ಮುಖ್ಯಸ್ಥೆ ಬೊಳ್ಳಮ್ಮ ಮಾತ್ರ ಅವನಿಗೆ ಸರಿಸಾಟಿ. ಕೊಡಗಿನ ಹೆಂಗಸು, ದನಿ ಏರಿಸದೆ ಮಾತಾಡುತ್ತಿದ್ದರು, ಒಮ್ಮೆ ಇಲ್ಲ ಎಂದರೆ ಅದು ಇಲ್ಲವೇ.

ಎಣಿಕೆಯ ಬಗ್ಗೆ ಸ್ವಲ್ಪ ಹೇಳಬೇಕು. ಖಾತೆಗಳನ್ನು ಎಣಿಸುವ ಕಾಲ ಮುಗಿದಿತ್ತು. ಖಾತೆ ಎಂದರೆ ಸುಳ್ಳು. ಒಬ್ಬನೇ ಲಕ್ಷ ಖಾತೆ ತೆರೆಯುತ್ತಾನೆ, ಲಕ್ಷ ಯಂತ್ರಗಳು ಮನುಷ್ಯರ ದನಿಯಲ್ಲಿ ಮಾತಾಡುತ್ತವೆ. ಹಾಗಾಗಿ ಒಂದು ಜರಡಿ ಮಾಡಿದರು. ಅದು ಯಾರು ಏನು ಮಾತಾಡಿದರು ಎಂದು ಕೇಳುವುದಿಲ್ಲ, ಕೇಳಲು ಕಾನೂನೂ ಬಿಡುವುದಿಲ್ಲ. ಅದು ಕೇಳುವುದು ಉಸಿರನ್ನು. ಮನುಷ್ಯ ಮಾತಿಗೆ ಮುಂಚೆ ಉಸಿರೆಳೆಯುತ್ತಾನೆ. ಯಂತ್ರ ಎಳೆದಂತೆ ನಟಿಸಬಹುದು, ಆದರೆ ಆ ಉಸಿರಿಗೆ ಬಾಯಿಯ ಒದ್ದೆ ಇರುವುದಿಲ್ಲ. ಕರೆ ಶುರುವಾದ ಕೂಡಲೇ ಜರಡಿ ಕಿವಿಗೊಡುತ್ತದೆ. ಮನುಷ್ಯ ಎನಿಸಿದರೆ ಎಣಿಸುತ್ತದೆ. ನಾಯಿ, ಮಳೆ, ಲಾರಿ, ಹಕ್ಕಿ, ಯಂತ್ರ ಎನಿಸಿದರೆ ಆ ತುಣುಕನ್ನು ಕಸದ ರಾಶಿಗೆ ಎಸೆದು ಕಿವಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ಕರೆ ಕೇಳುತ್ತ ಕೂತರೆ ಅದಕ್ಕೂ ಕರೆಂಟು ಬೇಕಲ್ಲ.

ಆವತ್ತು ಬೆಳಿಗ್ಗೆ ಗೇಟಿನ ಹತ್ತಿರ ಗಲಾಟೆ. ಕಾವಲಿನವನು ಬೇಡವೆಂದರೂ ಒಬ್ಬ ಹೆಂಗಸು ಒಳಗೆ ಬಂದೇ ಬಿಟ್ಟಿದ್ದಳು. ಐವತ್ತರ ಸುಮಾರು, ಸೊಂಟದವರೆಗೆ ಕೂದಲು, ಕೈಯಲ್ಲಿ ಫೋನು. ಹೆಸರು ಬಿಜಿಲಿ, ಹುಣಸೂರು ತಾಲೂಕಿನ ಪಕ್ಷಿರಾಜಪುರದವಳು, ಹಕ್ಕಿಪಿಕ್ಕಿ ಜನ. ಇವರ ಅಜ್ಜಂದಿರು ಕಾಡಿನಲ್ಲಿ ಬಲೆಯೊಡ್ಡಿ ಹಕ್ಕಿ ಹಿಡಿಯುತ್ತಿದ್ದರು. ಅದು ನಿಂತ ಮೇಲೆ ಇವರು ಬೇರು ಸೊಪ್ಪು ಕುದಿಸಿ ತಲೆಗೆ ಹಚ್ಚುವ ಎಣ್ಣೆ ಮಾಡಿ, ಗುಂಪು ಕಟ್ಟಿಕೊಂಡು ಆಫ್ರಿಕಾದ ಊರೂರಿಗೆ ಹೋಗಿ ಮಾರಿ ಬರುತ್ತಾರೆ. ಪಾಸ್‌ಪೋರ್ಟು ಕಂಡಿರದ ಮನೆ ಆ ಊರಲ್ಲಿ ಕಡಿಮೆ.

ಬಿಜಿಲಿ ಫೋನನ್ನು ಸಿದ್ದಪ್ಪಾಜಿಯ ಮೂಗಿಗೆ ತಾಗುವಂತೆ ಹಿಡಿದಳು. ಕೇಂದ್ರದಿಂದ ಹೋದ ಸಂದೇಶ ಅದು. ಅವಳ ಮಗಳು ಸುಂದ್ರಿ ಎಣ್ಣೆ ಮಾರಲು ಹೋಗಿದ್ದ ಆಫ್ರಿಕಾದ ಬಂದರು ಪಟ್ಟಣದಲ್ಲಿ ನದಿ ಉಕ್ಕಿ ಊರು ಎರಡು ಹೋಳಾಗಿತ್ತು. ಪ್ರವಾಹದ ನಾಡಿನಲ್ಲಿ ಉಳಿದಿರುವ ಬ್ಯಾಟರಿಯನ್ನು ನಕ್ಷೆಯಲ್ಲಿ ಬಣ್ಣವಿರುವ ತಾಣಗಳಿಗೆ ಮಾತ್ರ ಕೊಡಬೇಕೆಂಬುದು ನಿಯಮ. ಹಕ್ಕಿಪಿಕ್ಕಿಗಳು ಬಳಸುತ್ತಿದ್ದ, ಪಾಲಿನ ಕರೆಂಟಿಲ್ಲದೆ ಸ್ವಂತ ಬ್ಯಾಟರಿಯಲ್ಲೇ ನಡೆಯುತ್ತಿದ್ದ ‘ಓಗೊಡು’ ಎಂಬ ಸಣ್ಣ ತಾಣಕ್ಕೆ ಅಲ್ಲಿ ಬಳಕೆದಾರರು ಸೊನ್ನೆ. ಇಂದು ಸಂಜೆ ಅದನ್ನು ಆರಿಸಲಾಗುತ್ತದೆ ಎಂದು ಸಂದೇಶ ಹೇಳುತ್ತಿತ್ತು.

“ಇದ್ಯಾವನು ಕಳಿಸಿದ್ದು?” ಎಂದಳು.

“ನಾನೇ ಕಳಿಸಿದ್ದು. ಏನೀಗ?”

“ಹಂಗಾದ್ರೆ ನನ್ ಮಗ್ಳು ಸೊನ್ನೆನಾ? ಒಂಬತ್ತು ತಿಂಗಳು ಹೊತ್ತಿದ್ದು ಸೊನ್ನೆನಾ?”

“ನಾನು ಹಂಗಂದ್ನೇನಮ್ಮಾ? ಎಣಿಸೋ ಮಿಷನ್ನು ಯಾರೂ ಇಲ್ಲ ಅಂತದೆ.”

“ಮಿಷನ್ನಿಗೆ ಕಿವಿ ಕೇಳ್ಸಲ್ವೇನೋ, ಒಂದ್ ಚೂರು ಎಣ್ಣೆ ಬುಡಿ” ಎಂದಳು ಬಿಜಿಲಿ.

ಇಬ್ಬರೂ ಬಾಯಿಗೆ ಬಂದಂತೆ ಆಡಿಕೊಂಡರು. ಆ ಜಗಳದ ನಡುವೆಯೇ ಸಿದ್ದಪ್ಪಾಜಿಗೆ ವಿಷಯ ತಿಳಿದದ್ದು. ಹದಿನಾಲ್ಕು ಜನರ ಗುಂಪು ಹೋಗಿದೆ. ಹನ್ನೊಂದು ಜನ ದಕ್ಷಿಣ ದಂಡೆಯಲ್ಲಿದ್ದಾರೆ. ಸುಂದ್ರಿ, ಅವಳ ಗಂಡ, ಇನ್ನೊಬ್ಬ ಮುದುಕ ಉತ್ತರ ದಂಡೆಯಲ್ಲಿ ಎಣ್ಣೆ ಮಾರಲು ಹೋಗಿದ್ದವರು ಎರಡು ದಿನದಿಂದ ಫೋನಿಗೆ ಸಿಕ್ಕಿಲ್ಲ. ಹದಿನಾಲ್ಕು ಜನಕ್ಕೂ ಸೇರಿ ಓಗೊಡುವಿನಲ್ಲಿ ಒಂದೇ ಖಾತೆ, ಗುಂಪಿನ ಹಿರಿಯನ ಹೆಸರಿನಲ್ಲಿ. ಅದು ಅವರ ರೂಢಿ. ಆದರೂ ಜರಡಿ ಖಾತೆ ಎಣಿಸುವುದಿಲ್ಲ, ಉಸಿರು ಎಣಿಸುತ್ತದೆ. ಹನ್ನೊಂದಾದರೂ ಕಾಣಬೇಕು. ಕಾಣುತ್ತಿರಲಿಲ್ಲ.

ಇನ್ನೂ ಕೆಟ್ಟದ್ದು ಗೋಡೆಯ ಮೇಲಿತ್ತು. ಉತ್ತರ ದಂಡೆಯಲ್ಲಿ ಚಾವಡಿಯ ಟವರುಗಳು ಕೊಚ್ಚಿಹೋಗಿ, ನೀಲಿ ಅಳಿಸಿ, ಜಾಗ ಬಿಳಿಯಾಗಿತ್ತು. ದೋಣಿಯವರು ಈ ನಕ್ಷೆ ನೋಡಿಕೊಂಡೇ ಜನರನ್ನು ಎತ್ತಲು ಹೋಗುತ್ತಿದ್ದರು. ಬಿಳಿಯ ಕಡೆಗೆ ಯಾವ ದೋಣಿಯೂ ಹೋಗುತ್ತಿರಲಿಲ್ಲ. ಇದನ್ನು ಸಿದ್ದಪ್ಪಾಜಿ ಬಾಯಿಬಿಟ್ಟು ಹೇಳಲಿಲ್ಲ. ಬಿಜಿಲಿ ಗೋಡೆಯತ್ತ ನೋಡಿ, ಆ ಬಿಳಿ ಜಾಗ ಯಾಕೆ ಹಾಗಿದೆ ಎಂದು ಕೇಳಿದಳು. ಅವನು ಕೇಳುಗೊಳವೆಯನ್ನು, ಅಂದರೆ ಜರಡಿಯ ಚಿಕ್ಕ ನಮೂನೆಯನ್ನು, ಚೀಲಕ್ಕೆ ಹಾಕಿಕೊಂಡ. ನಿಮ್ಮ ಮನೆಯಲ್ಲಿ ಕೂತು ನೀವು ಹೇಗೆ ಕರೆ ಮಾಡುತ್ತೀರೋ ಹಾಗೆ ಮಾಡಿ ತೋರಿಸಿ ಎಂದ.

ಇಬ್ಬರೂ ಕೇಂದ್ರದ ಜೀಪಿನಲ್ಲಿ ಪಕ್ಷಿರಾಜಪುರಕ್ಕೆ ಹೊರಟರು.

ಬಿಜಿಲಿಯ ಮನೆಯ ಮುಂದೆ ಕೊಪ್ಪರಿಗೆಯಲ್ಲಿ ಎಣ್ಣೆ ಕುದಿಯುತ್ತಿತ್ತು. ಆ ವಾಸನೆಗೆ ಅವನ ಕಣ್ಣಲ್ಲಿ ನೀರು ಬಂತು. ಓಣಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಎಣ್ಣೆ ತಿರುವುವವಳು ತಿರುವುವುದನ್ನು ಬಿಟ್ಟಿರಲಿಲ್ಲ, ಆದರೆ ಕಣ್ಣು ಮಾತ್ರ ಸೀಬೆ ಮರದ ಕೊಂಬೆಯ ಮೇಲಿತ್ತು. ಫೋನನ್ನು ಅವರು ಅಲ್ಲೇ ನೇತುಹಾಕುವುದು. ಮಾತು ಒಬ್ಬರ ಕಿವಿಗೆ ಹೋಗುವ ಪದ್ಧತಿಯೇ ಅಲ್ಲಿಲ್ಲ. ಫೋನು ಮಾತಾಡಿದರೆ ಓಣಿಗೇ ಕೇಳಬೇಕು. ಬಂದವನು ನಕ್ಷೆಯ ಆಫೀಸಿನವನು ಎಂದು ತಿಳಿದಾಗ ಒಬ್ಬ ಮುದುಕಿ ಅವನ ಬೋಳುತಲೆ ನೋಡಿ, ಇವನಿಗೆ ಎರಡು ಬಾಟಲಿ ಕೊಡಿ, ಸಿಟ್ಟು ಇಳಿಯದಿದ್ದರೂ ಕೂದಲಾದರೂ ಬರಲಿ ಎಂದಳು. ಯಾರೂ ಹೆಚ್ಚು ನಗಲಿಲ್ಲ.

ಸಿದ್ದಪ್ಪಾಜಿ ಕೇಳುಗೊಳವೆ ಹಚ್ಚಿ, ಮಾಡಿ ಎಂದ. ಬಿಜಿಲಿ ಓಗೊಡು ತೆರೆದಳು. ಹಲೋ ಎನ್ನಲಿಲ್ಲ. ಎರಡೂ ಕೈ ಬಾಯಿಗೆ ಬೊಗಸೆ ಮಾಡಿ, ಕುತ್ತಿಗೆ ಉಬ್ಬಿಸಿ ಕೂಗಿದಳು.

ಕತೀತರ್, ಕತೀತರ್.

ಕೌಜುಗ. ಹುಣಸೂರಿನ ಬೇಲಿಸಾಲಿನಲ್ಲಿ ಬೆಳಿಗ್ಗೆ ಸಂಜೆ ಕೇಳುವ ಕೌಜುಗದ ಕೂಗು. ಸಿದ್ದಪ್ಪಾಜಿ ಅನುಮಾನದಿಂದ ಹಿತ್ತಲ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಫೋನಿನಿಂದ ಮರುಕೂಗು ಬಂತು. ಒಂದು ದಪ್ಪ ಕೂಗು, ಒಂದು ಸೊರಗಿದ್ದು, ಒಂದು ನಡುವೆ ಕೆಮ್ಮಿದ್ದು. ಸಮುದ್ರದಾಚೆಯ ಮುಳುಗಿದ ಪಟ್ಟಣದಿಂದ ಒಂದೊಂದಾಗಿ ಕೌಜುಗಗಳು ಕೂಗಿದವು. ಬಿಜಿಲಿ ಪ್ರತಿ ಕೂಗಿಗೂ ಒಂದು ಹೆಸರು ಹೇಳಿ ಬೆರಳು ಮಡಚುತ್ತ ಹೋದಳು. ಹನ್ನೊಂದಕ್ಕೆ ನಿಂತಿತು. ಮತ್ತೆ ಕೂಗಿದಳು. ಹನ್ನೊಂದೇ.

“ಇದ್ಯಾಕೆ ಹಿಂಗೆ ಮಾಡ್ತೀರಿ?” ಎಂದು ಕೇಳಿದ. ಅವನ ದನಿ ತಗ್ಗಿತ್ತು.

ಬಿಜಿಲಿ ವಿವರಿಸಿದಳು. ಕಾಡಿನಲ್ಲಿ ಬಲೆ ಹಾಕಿ ಕೂತಾಗ ಹೆಸರು ಹಿಡಿದು ಕರೆದರೆ ಹಕ್ಕಿ ಹಾರಿಹೋಗುತ್ತದೆ. ಹಾಗಾಗಿ ಯಾರು ಎಲ್ಲಿದ್ದಾರೆ ಎನ್ನುವುದನ್ನು ಕೌಜುಗದ ಕೂಗಿನಲ್ಲೇ ತಿಳಿಸುವುದು. ಒಬ್ಬೊಬ್ಬರ ಕೂಗಿಗೆ ಒಂದೊಂದು ಗುರುತು. ಈಗ ಕಾಡಿಲ್ಲ, ಬಲೆಯಿಲ್ಲ, ಆದರೆ ಯಂತ್ರಗಳು ಮಗಳ ದನಿಯಲ್ಲೇ ಅಳುತ್ತ ಫೋನು ಮಾಡಿ ತಾಯಂದಿರಿಗೆ ಮೋಸ ಮಾಡುತ್ತವೆ. ಮಗಳ ದನಿ ಕದಿಯುತ್ತಾರೆ. ಮಗಳ ಕೌಜುಗ ಕದಿಯಲು ಇನ್ನೂ ಯಾರಿಗೂ ಹೊಳೆದಿಲ್ಲ. ಆದ್ದರಿಂದ ಮೊದಲು ಕೂಗು, ಆಮೇಲೆ ಮಾತು. ಕೂಗದವನ ಜೊತೆ ಮಾತೇ ಇಲ್ಲ.

ಸಿದ್ದಪ್ಪಾಜಿ ಕೇಳುಗೊಳವೆಯ ಪರದೆ ನೋಡಿದ. ‘ಹಕ್ಕಿ. ಕೈಬಿಡಲಾಗಿದೆ.’ ಅದರ ಕೆಳಗೆ ಮತ್ತೆ, ‘ಹಕ್ಕಿ. ಕೈಬಿಡಲಾಗಿದೆ.’ ಯಂತ್ರವನ್ನು ಹಿಡಿಯಲು ಮಾಡಿದ ಜರಡಿ, ಯಾವ ಯಂತ್ರವೂ ಮುಟ್ಟಲಾಗದ ಜನರನ್ನೇ ಕಸಕ್ಕೆ ಎಸೆಯುತ್ತಿತ್ತು. ಅವರು ಆಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ನಗುತ್ತಿದ್ದರು, ಮದುವೆ ಮಾತುಕತೆ ಮುಗಿಸುತ್ತಿದ್ದರು. ಜರಡಿ ಮೊದಲ ಕೂಗಿಗೇ ಕಿವಿ ಮುಚ್ಚಿ ಮಲಗಿರುತ್ತಿತ್ತು.

ಅವನು ಎದ್ದು ಬೊಳ್ಳಮ್ಮನವರಿಗೆ ಫೋನು ಹಚ್ಚಿದ. ಅತ್ತ ಕಡೆಯಿಂದ ಅವರು ಏನೂ ಕೇಳುವ ಮುನ್ನವೇ ಕೂಗಾಡಿದ. ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಉತ್ತರ ದಂಡೆಗೆ ಈ ಕ್ಷಣವೇ ಬಣ್ಣ ಹಚ್ಚಿ ಎಂದ. ಬೊಳ್ಳಮ್ಮ ಅವನು ಉಸಿರು ತೆಗೆದುಕೊಳ್ಳುವವರೆಗೆ ಕಾದರು. ಹಕ್ಕಿಪಿಕ್ಕಿಗಳು ಉತ್ತರ ದಂಡೆಯಲ್ಲಿದ್ದಾರೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಕೂಗಿದ ಹನ್ನೊಂದು ಜನರೂ ದಕ್ಷಿಣದವರು. ಕೈಯಿಂದ ಬಣ್ಣ ಹಚ್ಚುವಂತಿಲ್ಲ. ಒಂದು ಕಡೆ ಸುಳ್ಳು ಬಣ್ಣ ಹಚ್ಚಿದರೆ ಇನ್ನೊಂದು ಕಡೆ ಛಾವಣಿಯ ಮೇಲೆ ಕೂತ ನಿಜವಾದ ಮನುಷ್ಯನಿಗೆ ದೋಣಿ ತಪ್ಪುತ್ತದೆ.

“ನೀವು ಹೇಳಿದ್ದು ಸರಿ ಇರಬಹುದು, ಸಿದ್ದಪ್ಪಾಜಿ. ಆದರೆ ನನಗೆ ಉಸಿರು ಬೇಕು” ಎಂದರು.

“ಕಸದ ರಾಶಿ ತೆಗೀರಿ ಮೇಡಂ. ಎಸೆದಿದ್ದೆಲ್ಲ ಅಲ್ಲೇ ಬಿದ್ದದೆ.”

“ಅದನ್ನು ಕೇಳುವುದಕ್ಕೆ ಕಾನೂನು—”

“ಮನುಷ್ಯರ ಮಾತು ಕೇಳಬಾರದು ಅಂತ ಕಾನೂನು. ಹಕ್ಕಿ ಕೂಗು ಕೇಳಬಾರದು ಅಂತ ಎಲ್ಲೈತೆ?”

ಬೊಳ್ಳಮ್ಮ ಫೋನು ಇಡಬೇಡಿ ಎಂದರು. ಸಿದ್ದಪ್ಪಾಜಿ ತನ್ನ ಫೋನನ್ನೂ ಸೀಬೆ ಕೊಂಬೆಗೆ ನೇತುಹಾಕಿದ.

ಇಲವಾಲದ ನಿಯಂತ್ರಣ ಕೊಠಡಿಯಲ್ಲಿ ಅವರು ಕಸದ ರಾಶಿಗೆ ಒಂದೇ ಪ್ರಶ್ನೆ ಹಾಕಿದರು. ಈ ಕೂಗು ಇನ್ನೆಲ್ಲೆಲ್ಲಿ ಇದೆ, ತೋರಿಸು. ಗೋಡೆಯ ಮೇಲೆ ಚುಕ್ಕೆಗಳು ಮೂಡಿದವು. ಆಫ್ರಿಕಾದ ಬಂದರುಗಳಲ್ಲಿ, ಸಂತೆಗಳಲ್ಲಿ, ಒಂದು ಮರಳುಗಾಡಿನ ಅಂಚಿನಲ್ಲಿ, ಮಂಜು ಬೀಳುವ ಒಂದು ಊರಿನ ವಿಮಾನ ನಿಲ್ದಾಣದಲ್ಲಿ. ಕೌಜುಗ ಬೇಲಿಯಿಂದ ಬೇಲಿಗೆ ಹಾರುವ ಹಕ್ಕಿ. ಸಮುದ್ರ ದಾಟುವ ಹಕ್ಕಿಯಲ್ಲ. ಯಾವ ದೇಶವನ್ನೂ ತುಂಬದ, ಎಲ್ಲ ದೇಶದಲ್ಲೂ ಇದ್ದ ಜನ ಮೊದಲ ಬಾರಿಗೆ ಆ ಗೋಡೆಯ ಮೇಲೆ ಕಂಡರು. ಬಣ್ಣ ಹಚ್ಚುವವರು ದೇಶ ತುಂಬುವುದನ್ನೇ ನೋಡುತ್ತಿದ್ದರು, ದೇಶದಿಂದ ದೇಶಕ್ಕೆ ಹೋಗುವವರನ್ನು ನೋಡಿರಲಿಲ್ಲ.

ಆದರೆ ಬೊಳ್ಳಮ್ಮ ನಿಂತು ನೋಡಿದ್ದು ಅದನ್ನಲ್ಲ. ಉತ್ತರ ದಂಡೆ ಚುಕ್ಕೆಗಳಿಂದ ಕಿಕ್ಕಿರಿದಿತ್ತು. ಮೂರಲ್ಲ. ನೂರಾರು.

ಅವರು ಫೋನಿನಲ್ಲಿ ಇದನ್ನು ಹೇಳಿದಾಗ ಬಿಜಿಲಿ ನಂಬಲಿಲ್ಲ. ನಮ್ಮವರು ಅಷ್ಟು ಜನ ಎಲ್ಲಿಂದ ಬರಬೇಕು, ನಿಮ್ಮ ಮಿಷನ್ನು ಈಗ ನಿಜವಾದ ಹಕ್ಕಿ ಹಿಡಿದಿದೆ ಎಂದಳು. ಬೊಳ್ಳಮ್ಮ ಒಂದೊಂದೇ ತುಣುಕನ್ನು ಕೇಳಿಸಿದರು. ಸೀಬೆ ಕೊಂಬೆಯ ಫೋನಿನಿಂದ ಕೂಗುಗಳು ಬಂದವು. ಕೆಟ್ಟ ಕೂಗುಗಳು. ಗಂಟಲು ಕಟ್ಟಿದವು, ರಾಗ ಎಳೆದವು, ಕೌಜುಗವನ್ನು ಜನ್ಮದಲ್ಲಿ ಕಾಣದವರು ಕೂಗಿದಂಥವು. ಒಂದು ಮಗುವಿನದು, ನಡುವೆ ನಗು ಬಂದು ಮುರಿದುಹೋದದ್ದು. ಎಣ್ಣೆ ತಿರುವುವವಳು ಮೊದಲ ಬಾರಿಗೆ ಕೈ ನಿಲ್ಲಿಸಿದಳು.

“ಇವ್ರು ನಮ್ಮೋರಲ್ಲ” ಎಂದಳು ಬಿಜಿಲಿ. “ಯಾರೋ ಹೊಸ್ದಾಗಿ ಕಲೀತಾವ್ರೆ.”

ಇನ್ನೊಂದು ತುಣುಕು. ಮತ್ತೊಂದು. ಬಿಜಿಲಿ ಥಟ್ಟನೆ ಕೈ ಎತ್ತಿ, ಅದನ್ನೇ ಇನ್ನೊಮ್ಮೆ ಹಾಕಿ ಎಂದಳು. ಹಾಕಿದರು. ಅವಳು ಮರದ ಕಾಂಡ ಹಿಡಿದುಕೊಂಡಳು.

“ಕೊನೇಲಿ ಕೇಳುಸ್ತಾ? ಕತೀತರ್ ಅಂದು ನಿಲ್ಲಿಸಲ್ಲ. ಒಂದು ‘ಟಿಕ್’ ಅಂತ ಬಾಲ ಇಕ್ತಾರೆ. ಎಲ್ರೂ ಇಕ್ತಾವ್ರೆ. ಚಿಕ್ಕೋಳಿದ್ದಾಗ ಮುಂದಿನ ಹಲ್ಲು ಬಿದ್ದಾಗಿಂದ ನಮ್ ಸುಂದ್ರಿ ಕೂಗಿಗೆ ಆ ಬಾಲ. ನಾನು ಎಷ್ಟು ಬೈದ್ರೂ ಬಿಡ್ಲಿಲ್ಲ ಮುಂಡೇದು.”

ಸಿದ್ದಪ್ಪಾಜಿಯ ಕಡೆ ತಿರುಗಿ ಮುಂದುವರಿಸಿದಳು.

“ಕಲಿಸ್ದೋರ ತಪ್ಪು ಕಲಿತೋರ ಬಾಯಲ್ಲಿ ಬತ್ತದೆ ಅಣ್ಣ. ಅವಳು ಅಲ್ಲವ್ಳೆ. ಅವಳೇ ಕಲಿಸ್ತಾವ್ಳೆ.”

ಆಗ ಎಲ್ಲರಿಗೂ ಅರ್ಥವಾಯಿತು. ಓಗೊಡು ಬಹಳ ಹಗುರಾದ ತಾಣ. ಬರೀ ದನಿ, ಚಿತ್ರವಿಲ್ಲ, ಅಕ್ಷರವಿಲ್ಲ. ಗುಡ್ಡದ ಮೇಲೆ ಒಂದು ಸಣ್ಣ ಪೆಟ್ಟಿಗೆಗೆ ಬ್ಯಾಟರಿ ಇದ್ದರೆ ಸಾಕು, ಟವರು ಬಿದ್ದರೂ ದನಿ ಫೋನಿನಿಂದ ಫೋನಿಗೆ ನೆಗೆಯುತ್ತ ಅಲ್ಲಿಗೆ ಮುಟ್ಟುತ್ತದೆ. ಉತ್ತರ ದಂಡೆಯಲ್ಲಿ ಚಾವಡಿ ಸತ್ತಾಗ ಉಳಿದದ್ದು ಸುಂದ್ರಿಯ ಕೈಯ ಓಗೊಡು. ಅವಳು ತಾನಿದ್ದ ಛಾವಣಿಯವರಿಗೆ ಅದನ್ನು ಕೊಟ್ಟಿದ್ದಳು, ಅವರು ಮುಂದಿನ ಛಾವಣಿಗೆ. ಆದರೆ ಕೂಗದವರ ಜೊತೆ ಮಾತಿಲ್ಲ ಎಂಬ ರೂಢಿಯನ್ನೂ ಜೊತೆಗೇ ಕೊಟ್ಟಿದ್ದಳು. ನೀರಿನ ನಡುವೆ ಕೂತು ಒಂದಿಡೀ ಕೇರಿ ಹುಣಸೂರಿನ ಕೌಜುಗವನ್ನು ಕಲಿಯುತ್ತಿತ್ತು. ಕಲಿತದ್ದರಿಂದಲೇ ಜರಡಿ ಅವರೆಲ್ಲರನ್ನೂ ಹಕ್ಕಿ ಎಂದು ಎಸೆದಿತ್ತು. ಪೆಟ್ಟಿಗೆಯೊಳಗಿನ ಜರಡಿ ಎಸೆದ ಸಣ್ಣ ತುಣುಕುಗಳು ಕೇಂದ್ರ ಮುಟ್ಟುತ್ತಿದ್ದವು, ಆದರೆ ಪೂರ್ತಿ ಕರೆ ದಕ್ಷಿಣ ದಂಡೆಗೋ ಊರಿಗೋ ದಾಟಲು ಪೆಟ್ಟಿಗೆಯ ಬಲ ಸಾಲುತ್ತಿರಲಿಲ್ಲ, ಅಷ್ಟೆ.

ಬೊಳ್ಳಮ್ಮ ಮುಂದಿನ ಕೆಲಸವನ್ನು ಯಾರೂ ಹೇಳದೆಯೇ ಮಾಡಿದರು. ಎಸೆದ ಒಂದೊಂದು ತುಣುಕಿನಲ್ಲೂ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವಿನ ಜಾಗವನ್ನು ಮಾತ್ರ ಜರಡಿಗೆ ಹಾಕಿದರು. ಅಲ್ಲಿ ಉಸಿರಿತ್ತು. ಒದ್ದೆ ಉಸಿರು. ಗೋಡೆಯ ಬದಿಯಲ್ಲಿ ಎಣಿಕೆ ಸೊನ್ನೆಯಿಂದ ಎದ್ದು ಓಡಿತು.

ನಿಯಮದ ಪ್ರಕಾರ ಉತ್ತರ ದಂಡೆಯ ಅತ್ಯಂತ ಜನಪ್ರಿಯ ಜಾಲತಾಣ ಈಗ ಓಗೊಡು. ನೂರಕ್ಕೆ ಒಬ್ಬರಲ್ಲ, ದನಿಯಿರುವ ಅಷ್ಟೂ ಜನ. ಆದರೆ ಅದಕ್ಕೊಂದು ಬಣ್ಣವೇ ಇರಲಿಲ್ಲ. ಯಾವ ದೇಶದಲ್ಲೂ ಅದು ಗೆದ್ದಿರಲಿಲ್ಲವಲ್ಲ. ಬಣ್ಣ ಬೇಗ ಹೇಳಿ, ಪಟ್ಟಿಯಲ್ಲಿ ಸೇರಿಸದೆ ನಕ್ಷೆ ಹೊರಗೆ ಹೋಗುವುದಿಲ್ಲ ಎಂದರು ಬೊಳ್ಳಮ್ಮ. ಸಿದ್ದಪ್ಪಾಜಿ ಬಿಜಿಲಿಯ ಮುಖ ನೋಡಿದ.

“ಕೌಜುಗದ ರೆಕ್ಕೆ ಬಣ್ಣ ಇಕ್ಕಿ” ಎಂದಳು.

“ಅದೆಂಥ ಬಣ್ಣ?”

“ಮಣ್ಣಿನ್ ಬಣ್ಣ ಕಣಣ್ಣ. ಕೂತ್ರೆ ಕಾಣ್ಬಾರ್ದು, ಎದ್ರೆ ಗೊತ್ತಾಗ್ಬೇಕು.”

ಸಂಜೆಗೆ ಮುಂಚೆ ನಕ್ಷೆ ಹೊರಗೆ ಹೋಯಿತು. ನದಿಯ ಬಾಯಲ್ಲಿ, ನೀಲಿಯ ಪಕ್ಕ, ಒಂದು ಬೆರಳ ಉಗುರಿನಷ್ಟು ಮಣ್ಣಿನ ಬಣ್ಣ. ಗುಡ್ಡದ ಮೇಲಿನ ಪೆಟ್ಟಿಗೆಯನ್ನು ಆರಿಸಲಿಲ್ಲ. ಬದಲಿಗೆ ಆ ದಂಡೆಯ ಪಾಲಿನ ಬ್ಯಾಟರಿಯೆಲ್ಲ ಅದಕ್ಕೇ ಸಿಕ್ಕಿತು. ದೋಣಿಗಳು ತಿರುಗಿದ್ದನ್ನು ಬೊಳ್ಳಮ್ಮ ಗೋಡೆಯ ಮೇಲೆ ನೋಡಿ ಫೋನಿನಲ್ಲಿ ಹೇಳುತ್ತ ಹೋದರು. ಒಂದು ತಿರುಗಿತು. ಎರಡು ತಿರುಗಿದವು. ಈಗ ಎಣಿಸುವುದಕ್ಕೆ ಆಗುತ್ತಿಲ್ಲ ಎಂದರು. ಅವರ ದನಿ ಏರಿದ್ದನ್ನು ಸಿದ್ದಪ್ಪಾಜಿ ಕೇಳಿದ್ದು ಅದೇ ಮೊದಲು.

ಪೆಟ್ಟಿಗೆಗೆ ಬಲ ಬಂದ ಮೇಲೆ ಬಿಜಿಲಿ ಮತ್ತೆ ಬೊಗಸೆ ಮಾಡಿ ಕೂಗಿದಳು. ದಕ್ಷಿಣದಿಂದ ಹನ್ನೊಂದು ಬಂದವು. ಆಮೇಲೆ ಉತ್ತರದಿಂದ ಒಂದು ಕೆಟ್ಟ ಕೂಗು ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಸೀಬೆ ಮರದ ತುಂಬ ಹಿಂಡು ಇಳಿದಂತೆ ಕೂಗುಗಳು. ಎಲ್ಲಕ್ಕೂ ಆ ‘ಟಿಕ್’ ಎಂಬ ಬಾಲ. ಬಿಜಿಲಿ ಬೆರಳು ಮಡಚುವುದನ್ನು ಬಿಟ್ಟಳು. ಓಣಿಯ ಹೆಂಗಸರು ಉಸಿರು ಹಿಡಿದು ಕೇಳುತ್ತಿದ್ದರು. ಆ ಹಿಂಡಿನ ನಡುವಿನಿಂದ ಒಂದು ಕೂಗು ಎದ್ದು ಬಂತು. ಅದು ಕೆಟ್ಟದಾಗಿರಲಿಲ್ಲ. ದಣಿದಿತ್ತು, ಆದರೆ ಬೇಲಿಸಾಲಿನ ಕೌಜುಗವೇ ಅಲ್ಲಿ ಕೂತು ಕೂಗಿದಂತಿತ್ತು. ಬಾಲದ ಸಮೇತ.

ಬಿಜಿಲಿ ಅಳಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದು ಮಗಳಿಗೆ ಬೈಯತೊಡಗಿದಳು. ಇಷ್ಟು ಜನಕ್ಕೆ ಕಲಿಸಿದ್ದೀಯ, ಸರಿಯಾಗಿ ಕಲಿಸಬಾರದಿತ್ತೇನೇ, ಪರದೇಶದವರ ಎದುರು ನಮ್ಮ ಮರ್ಯಾದೆ ತೆಗೆದೆಯಲ್ಲೇ ಎಂದಳು. ಅತ್ತಲಿಂದ ನಗುವೂ ಅಳುವೂ ಬೆರೆತ ಒಂದು ದನಿ, ಅವ್ವಾ ಅವ್ವಾ ಎನ್ನುತ್ತಲೇ ಇತ್ತು. ಅದರ ಹಿಂದೆಯೇ ಅವಳ ಗಂಡನ, ಆ ಮುದುಕನ ಕೂಗುಗಳೂ ಬಂದವು.

ಸಿದ್ದಪ್ಪಾಜಿ ಅಲ್ಲಿಂದ ಹೊರಟಾಗ ಆ ಮುದುಕಿ ಬಿಡದೆ ಎರಡು ಬಾಟಲಿ ಎಣ್ಣೆ ಅವನ ಚೀಲಕ್ಕೆ ತುರುಕಿದಳು.

ಆ ವರ್ಷದ ಒಡಂಬಡಿಕೆಯ ಸಭೆಯಲ್ಲಿ ಬೊಳ್ಳಮ್ಮ ಎರಡು ಮಾತು ಬರೆಸಿದರು. ಜರಡಿ ಯಾವ ಸದ್ದಿಗೂ ಮೊದಲ ಕ್ಷಣಕ್ಕೇ ಕಿವಿ ಮುಚ್ಚಬಾರದು. ನಕ್ಷೆಯಲ್ಲಿ ದೇಶಗಳ ಬಣ್ಣದ ಮೇಲೆ, ಯಾವ ದೇಶವನ್ನೂ ತುಂಬದ ಸಣ್ಣ ತಾಣಗಳನ್ನು ಚುಕ್ಕೆಗಳಾಗಿ ತೋರಿಸಬೇಕು, ಚುಕ್ಕೆ ಇರುವಲ್ಲಿ ಒಂದು ದೀಪದಷ್ಟು ಕರೆಂಟು ಬಿಡಬೇಕು. ಸಭೆಯಲ್ಲಿ ಕೆಲವರು ಗೊಣಗಿದರು. ದೊಡ್ಡ ತಾಣಗಳವರಿಗೆ ಅದೊಂದು ಸೊಳ್ಳೆ ಕಡಿತದಷ್ಟೂ ಆಗಲಿಲ್ಲ. ಚುಕ್ಕೆಗಳು ಹಚ್ಚಿದ ಮೇಲೆ ಗೋಡೆ ನೋಡಿದವರಿಗೆ ಜಗತ್ತಿನಲ್ಲಿ ಇಷ್ಟೊಂದು ಬಗೆಯ ಜನ ಇಷ್ಟೊಂದು ಬಗೆಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು. ಗಡಿ ದಾಟಿದ ಬಣ್ಣಕ್ಕೆ ಬೆರಳ ಮೇಲೆ ಹೊಡೆಯುತ್ತಿದ್ದ ಮೇಷ್ಟರು ಬದುಕಿದ್ದರೆ ಏನೆನ್ನುತ್ತಿದ್ದರೋ. ಸಿದ್ದಪ್ಪಾಜಿ ಅದನ್ನು ಬಹಳ ಯೋಚಿಸಲು ಹೋಗಲಿಲ್ಲ.

ಒಂದು ದಿನ ಬೊಳ್ಳಮ್ಮ ಗೋಡೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದರು. ಪಕ್ಷಿರಾಜಪುರದಲ್ಲಿ ಮಣ್ಣಿನ ಬಣ್ಣದ ಚುಕ್ಕೆಗಳ ಗೊಂಚಲಿತ್ತು, ಅದು ಇರಲೇಬೇಕಾದ್ದು. ಆದರೆ ಇಲವಾಲದಲ್ಲೂ ಒಂದು ಚುಕ್ಕೆ. ಸರಿಯಾಗಿ ಕೇಂದ್ರದ ಮೇಲೆ.

“ಇದು ಯಾರು?” ಎಂದು ಕೇಳಿದರು.

ಸಿದ್ದಪ್ಪಾಜಿ ತನಗೇನು ಗೊತ್ತು ಎಂಬಂತೆ ಗೋಡೆಗೆ ಬೆನ್ನು ತಿರುಗಿಸಿದ. ಅವನ ನೆತ್ತಿಯ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕಟ್ಟಡದ ಹಿಂದಿನಿಂದ ಒಂದು ಕೌಜುಗ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಬಹಳ ಕೆಟ್ಟ ಕೂಗು. ಕೊನೆಯಲ್ಲಿ ಒಂದು ‘ಟಿಕ್’. ಸ್ವಲ್ಪ ಹೊತ್ತಿನ ಮೇಲೆ, ಬಹಳ ದೂರದಿಂದ, ಅದಕ್ಕೊಂದು ಉತ್ತರ ಬಂತು.